ಅಮ್ಮನ ತುಪ್ಪ, ಅಜ್ಜಿಯ ತಣ್ಣೀರು

ಮಂಡಗದ್ದೆ ಕಡೆಯಿಂದ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೊರಡುವಾಗ ಹೇಳಿದರು: "ಹುಡುಗಿ ತೀರಾ ಕಡ್ಡಿ. ಸ್ವಲ್ಪ ಮೈ ಹಿಡೀಲಿ, ಸಂಕ್ರಾಂತಿ ಕಳೆದ್ಮೇಲೆ ಮತ್ತೆ ಬರ್ತೀವಿ." ಅರವತ್ತರ ದಶಕದ ಹೊಸನಗರದಲ್ಲಿ ತೆಳ್ಳಗಿದ್ದರೆ ರೋಗ ಎಂದೇ ಲೆಕ್ಕ. ನನಗೆ ಮೈಯೆಲ್ಲ ಉರಿಯಿತು. ಆದರೆ ಹುಡುಗ ಹಿಡಿಸಿಬಿಟ್ಟಿದ್ದ. ಬಾಯಿ ಮುಚ್ಚಿಕೊಂಡು ದಪ್ಪಗಾಗಲು ಒಪ್ಪಿದೆ.

ಅಮ್ಮ ತುಪ್ಪದ ಭರಣಿ ಕೆಳಗಿಳಿಸಿದಳು. ಅನ್ನಕ್ಕೂ ತುಪ್ಪ, ದೋಸೆಗೂ ತುಪ್ಪ. ಅಜ್ಜಿ ಸುಮ್ಮನಿದ್ದಾಳೇ? ಗುಂಡಗಿನ ಹೆಂಗಸು, ಎಣ್ಣೆ ಹಚ್ಚಿ ಎಳೆದರೂ ಕೈಯ ಬಳೆ ಹೊರಬರದು. ಅವಳು ನನಗಾಗಿ ಹರಕೆ ಹೊತ್ತಳು: ಧನುರ್ಮಾಸ ಪೂರ್ತಿ ನಾನು ಬೆಳಗಿನ ಜಾವ ತಣ್ಣೀರು ಮಿಂದು, ಒದ್ದೆ ಸೀರೆಯಲ್ಲೇ ತುಳಸಿಪೂಜೆ ಮಾಡಬೇಕು. ಗುಡ್ಡದಿಂದ ಹಿತ್ತಲಿಗೆ ಅಡಿಕೆಮರ ಸೀಳಿದ ದಂಬೆಯಲ್ಲಿ ಇಳಿಯುವ ಅಬ್ಬಿ ನೀರು ತಲೆಗೆ ಬಿದ್ದರೆ ಹಲ್ಲು ಕಟಕಟ ಎನ್ನುತ್ತಿತ್ತು. ಬಿಸಿಲೇರಿದರೂ ನಡುಕ ನಿಲ್ಲುತ್ತಿರಲಿಲ್ಲ. ಹತ್ತು ದಿನ ಕಳೆದು ನೋಡಿದರೆ ರವಿಕೆ ಮೊದಲಿಗಿಂತ ಸಡಿಲ.

ಅಮ್ಮ ಹೆದರಿ, ಬಸ್ಸು ಹತ್ತಿಸಿ ಸಾಗರದ ಡಾಕ್ಟರ ಬಳಿ ಕರೆದೊಯ್ದಳು. ಅವರು ಎದೆ ಪರೀಕ್ಷಿಸಿ, ಊಟ ಸ್ನಾನ ವಿಚಾರಿಸಿ, ನಕ್ಕುಬಿಟ್ಟರು.

"ಚಳಿ ತಡೆಯೋಕೆ ಮೈ ಒಳಗಿನ ಕೊಬ್ಬನ್ನೇ ಉರಿಸ್ತದೆ ತಾಯಿ. ನೀವು ತುಪ್ಪ ಹಾಕೋದು, ಅಜ್ಜಿ ತಣ್ಣೀರು ಹೊಯ್ಸೋದು, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಬಿಸಿನೀರು ಕೊಡಿ, ಬೆಚ್ಚಗಿಡಿ."

ಮನೆಗೆ ಬಂದು ಅಮ್ಮ ಇದನ್ನು ಹೇಳಿದಳು. ಹರಕೆ ಬಿಟ್ಟರೆ ದೇವರು ಮುನಿದಾನು ಎಂದು ಅಜ್ಜಿಗೆ ಭಯ. ಬಿಡದಿದ್ದರೆ ಸಂಬಂಧ ತಪ್ಪುತ್ತದೆ ಎಂದು ನನಗೆ. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು.

"ಹರಕೆ ಹೊತ್ತಿದ್ದು ನಾನಲ್ವಾ? ನಾನೇ ಮೀಯ್ತೀನಿ. ನೀ ಹಂಡೆ ನೀರು ಹೊಯ್ಕೊ, ಹೋಗು ಮಾರಾಯ್ತಿ."

ವ್ರತ ಎಂದ ಮೇಲೆ ಒಪ್ಪೊತ್ತಿನ ಊಟವನ್ನೂ ತಾನೇ ಸೇರಿಸಿಕೊಂಡಳು. ನಾನು ಬಚ್ಚಲಲ್ಲಿ ಹಬೆಯಾಡುವ ನೀರು ಸುರಿದುಕೊಳ್ಳುವಾಗ, ಹಿತ್ತಲಲ್ಲಿ ಅವಳು ಅಬ್ಬಿಯಡಿ ನಿಂತು ದೇವರ ಹೆಸರು ಹೇಳುತ್ತಾ ನಡುಗುವುದು ಕೇಳಿಸುತ್ತಿತ್ತು. ಪಾಪ ಎನಿಸುತ್ತಿತ್ತು. ಆದರೂ ಬಿಸಿನೀರು ಹಿತವಾಗಿತ್ತು.

ಸಂಕ್ರಾಂತಿ ಕಳೆದು ಅವರು ಬಂದರು, ಒಪ್ಪಿದರು. ಮದುವೆಯ ದಿನ ನನ್ನ ರವಿಕೆ ಬಿಗಿಯಾಗಿತ್ತು. ಅಜ್ಜಿ ಅಕ್ಷತೆ ಹಾಕಲು ಕೈಯೆತ್ತಿದಾಗ ಅವಳ ಬಳೆ ಸರ್ರನೆ ಮೊಣಕೈವರೆಗೆ ಜಾರಿತು. ನನಗೆ ಅಳು ತಡೆಯಲಾಗಲಿಲ್ಲ. ನೆರೆದವರು ತವರು ಬಿಡುವ ಸಂಕಟ ಎಂದುಕೊಂಡರು. ಅಜ್ಜಿ ಬಗ್ಗಿ ಕಿವಿಯಲ್ಲಿ ಹೇಳಿದಳು:

"ಅಳ್ಬೇಡ್ವೇ, ಮತ್ತೆ ಸೊರಗ್ತೀಯ."