ತಗ್ಗು ಮುಚ್ಚಿದ ಕಂಪ್ಯೂಟರ್

ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ನಮ್ಮೂರ ರಸ್ತೆಯ ತುಂಬ ತಗ್ಗು ಬಿದ್ದಿದ್ದವು. ಫೋಟೊ ಸಮೇತ ದೂರು ಕೊಟ್ಟರೆ ರಸ್ತೆ ಇಲಾಖೆಯ ಸಾಹೇಬರು ತಮ್ಮ ಕಡತದಿಂದ ಅದೇ ರಸ್ತೆಯ ನುಣುಪಾದ ಫೋಟೊ ತೆಗೆದು ತೋರಿಸಿದರು. ನನ್ನ ಫೋಟೊ ಮಬ್ಬಾಗಿದೆಯಂತೆ. ಆ ಸಿಟ್ಟಿನಲ್ಲೇ ಫೋಟೊ ತಿದ್ದುವ ಕಂಪ್ಯೂಟರ್ ಕೊಳ್ಳಲು ಬೈಲಹೊಂಗಲಕ್ಕೆ ಹೋದೆ.

ಅಂಗಡಿಯವನು ಎರಡು ಕಂಪ್ಯೂಟರುಗಳಲ್ಲಿ ನನ್ನ ಫೋಟೊ ತೆರೆದ. ಒಂದು ತಿಣುಕಾಡಿತು. ಇನ್ನೊಂದರಲ್ಲಿ ಅವನ ಕೈ ಸರಸರ ಓಡಿತು. ಬಗ್ಗಿ ನೋಡಿದರೆ ತಗ್ಗುಗಳೇ ಮಾಯ.

"ಏನ್ ಮಾಡಿದ್ರಿ?" ಎಂದೆ.

"ಕನ್ಯಾ ತೋರಿಸೋ ಫೋಟೊದಾಗ ಮೊಡವಿ ತೆಗಿತೇವಲ್ಲರಿ, ಹಂಗ ತೆಗದೇನಿ. ಎಲ್ಲಾರೂ ಇದನ್ನ ಕೇಳತಾರ."

"ಯಪ್ಪಾ, ನನಗ ತಗ್ಗ ಬೇಕು. ಎದ್ದು ಕಾಣೂವಂಗ ಮಾಡ್ರಿ."

ಅವನು ನನ್ನನ್ನು ವಿಚಿತ್ರವಾಗಿ ನೋಡಿ ತಗ್ಗುಗಳನ್ನು ವಾಪಸ್ ತಂದ. ಅದೇ ಕಂಪ್ಯೂಟರ್ ಕೊಂಡೆ. ಸಾಹೇಬರ ರಸ್ತೆ ಯಾವ ಯಂತ್ರದಿಂದ ರಿಪೇರಿಯಾಗಿತ್ತು ಎಂಬುದೂ ಅಂದೇ ತಿಳಿಯಿತು.