ರಟ್ಟಿನ ಕಿಡಕಿಯೊಳಗೆ ನಿಂತ ಗಂಗಿ

ಮೊನ್ನೆ ನನ್ನ ಮೊಮ್ಮಗಳು ಸಾಲೆಯ ಕೆಲಸಕ್ಕೆಂದು ಮೈದಾ ಹಿಟ್ಟಿನ ಅಂಟು ಕುದಿಸಿದಳು. ಹಿಟ್ಟು ಬೆಂದು ಇನ್ನೇನು ತಳ ಹತ್ತುವ ಹೊತ್ತಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಖಾಲಿ ರಟ್ಟಿನ ಡಬ್ಬಿ ಹುಡುಕಿದೆ, ನಡುವೆ ಕಿಡಕಿ ಕತ್ತರಿಸಿದೆ, ಅಡ್ಡಕ್ಕೂ ಉದ್ದಕ್ಕೂ ದಾರ ಎಳೆದು ಅಂಟಿಸಿದೆ. ನಾಲ್ಕನೇ ಇಯತ್ತೆ ಓದಿದ ಅಜ್ಜಿಗೆ ಇದು ಹೇಗೆ ಗೊತ್ತು ಎಂದು ಅವಳು ಕೇಳಿಯೂ ಬಿಟ್ಟಳು. ಹೇಳಲು ಹೋದರೆ ಒಂದು ಮಾತಿನ ಹಿಂದೆ ಹತ್ತು ಮಾತು ನುಗ್ಗಿ ಬಂದವು. ಅವಳು ಅರ್ಧ ಕೇಳಿ ಆಟಕ್ಕೆ ಓಡಿದಳು. ಉಳಿದದ್ದು ಎದೆಯಲ್ಲಿ ಹಾಲಿನಂತೆ ಉಕ್ಕುತ್ತಿದೆ, ನಿಮಗಾದರೂ ಹೇಳಿಬಿಡುತ್ತೇನೆ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಅದೂ ಈಗ ಇರಲಿಕ್ಕಿಲ್ಲ.

ನಮ್ಮ ಮನೆ ಶೇಡಬಾಳದ ಹತ್ತಿರ, ಹೊಲದ ದಂಡೆಗೆ. ಒಂದು ಪಡಸಾಲೆ, ಅದಕ್ಕೆ ಅಂಟಿಕೊಂಡೇ ದನ ಕಟ್ಟುವ ಜಾಗ. ದನಗಳ ಉಸಿರು, ಹಸಿ ಕಬ್ಬಿನ ಸೋಗೆ, ಸೆಗಣಿ, ಆಯಿಯ ಹೊಗೆಸೊಪ್ಪು, ಎಲ್ಲ ಸೇರಿದ ಒಂದು ಬೆಚ್ಚಗಿನ ವಾಸನೆಯಲ್ಲಿ ನಾವು ಉಂಡೆವು, ಮಲಗಿದೆವು, ಬೆಳೆದೆವು. ಆಯಿ ಎಂದರೆ ಅಪ್ಪನ ತಾಯಿ. ಎಂಬತ್ತರ ದಶಕದ ನಡುವಿನ ಮಾತಿದು. ಆಗ ನನಗೆ ಹನ್ನೊಂದೋ ಹನ್ನೆರಡೋ. ಸಾಲೆ ಬಿಟ್ಟು ಆಡು ಕಾಯುತ್ತಿದ್ದೆ. ಆದರೆ ಕಲ್ಲು ಸಿಕ್ಕರೆ ಕಲ್ಲಿನ ಮೇಲೆ, ಗೋಡೆ ಸಿಕ್ಕರೆ ಗೋಡೆಯ ಮೇಲೆ ಇದ್ದಿಲಿನಿಂದ ಏನಾದರೂ ಗೀಚುತ್ತಿದ್ದೆ. ಅವ್ವ ಬೈದು ಬೈದು ಸೋತಿದ್ದಳು.

ಆ ವರ್ಷ ಅಪ್ಪನ ತಂಗಿ ಶಾಂತಾ ಅತ್ತೆ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ಕೂಸು ಹುಟ್ಟಿದ ದಿನವೇ ಆಯಿ ಮಾತು ಕೊಟ್ಟಿದ್ದಳು: ಮಗಳು ಗಂಡನ ಮನೆಗೆ ಹೋಗುವಾಗ ಕೂಸಿನ ಹಾಲಿಗೆ ಗಂಗಿಯನ್ನು ಕಳಿಸುತ್ತೇನೆ ಎಂದು. ತವರಿನಿಂದ ಹಿಂಡುವ ಎಮ್ಮೆ ಕೊಡುವುದು ನಮ್ಮಲ್ಲಿ ದೊಡ್ಡ ಮಾನ. ಆದರೆ ಗಂಗಿ ಬರೀ ಎಮ್ಮೆಯಲ್ಲ. ಹುಟ್ಟಿದ ವಾರಕ್ಕೇ ತಾಯಿ ಸತ್ತದ್ದು, ಆಯಿ ಅರಿವೆಯ ಬತ್ತಿಯನ್ನು ಹಾಲಲ್ಲಿ ಅದ್ದಿ ಚೀಪಿಸಿ ಬದುಕಿಸಿದ್ದು. ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಅತ್ತೆಯ ಗಂಡನೂರು ಕೊಗನೊಳ್ಳಿಯಿಂದ ಟೆಂಪೋ ಬರಲು ಇನ್ನು ಎರಡು ದಿನ ಇರುವಾಗ ಆಯಿ ನನ್ನನ್ನು ಮೇವು ಹಾಕುವ ಗೋದಲಿಯ ಹತ್ತಿರ ಕರೆದಳು. ಗಂಗಿ ಹೊಟ್ಟು ಮೇಯುತ್ತಿತ್ತು.

"ಗ್ವಾಡಿ ಹೊಲಸ ಮಾಡತೀ ಅಲಾ, ನನಗೊಂದ ಕೆಲಸ ಮಾಡಿಕೊಡು. ಈಕಿ ಹೋಗೂದ್ರಾಗ ಈಕಿ ಚಿತ್ರಾ ತಗದ ಕೊಡು. ನೋಡಿದ್ರ ಗಂಗೀನ ಅನಬೇಕ, ಮಂದಿ ಎಮ್ಮಿ ಅನಬಾರದ."

ನನಗೆ ಕುಣಿಯುವಷ್ಟು ಸಂತೋಷ. ಓಡಿದ್ದು ಬಾಬು ಕಾಕಾನ ಹತ್ತಿರ. ಅಪ್ಪನ ತಮ್ಮ, ಕುಡಚಿಯ ಅಂಗಡಿಗಳಿಗೆ ಬೋರ್ಡು ಬರೆಯುವವನು, ಉಗುರಿನ ಸಂದಿಗಳಲ್ಲೆಲ್ಲ ಬಣ್ಣ. ಅತ್ತೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೀರೆ ಬಂದ ಡಬ್ಬಿಯ ರಟ್ಟು ತೆಗೆದು ಅಂಗೈಯಗಲ ಕಿಡಕಿ ಕೊರೆದ. ಕರಿ ದಾರ ಬಿಗಿದು, ಅಂಟು ಕಾಯಿಸಿ ಹಚ್ಚಿದ. ದಾರಗಳ ನಡುವಿನ ಒಂದೊಂದು ಚೌಕಕ್ಕೂ ಮನೆ ಎನ್ನುತ್ತಿದ್ದ: ಅಡ್ಡಕ್ಕೆ ಎಂಟು ಮನೆ, ಎತ್ತರಕ್ಕೆ ಆರು ಮನೆ. ಅದನ್ನು ಗೂಟಕ್ಕೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿ, ಮುಂದೆ ಒಂದು ಡಬ್ಬಿ ಬೋರಲು ಹಾಕಿ, ತಲೆ ಅಲುಗದಂತೆ ಅದರ ಮೇಲೆ ನನ್ನ ಗದ್ದ ಊರಿಸಿದ. ನನಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ಎರಡೂ ಮುಚ್ಚಿಬಿಡುತ್ತಿದ್ದವು. ಕಾಕಾ ಎಡಗಣ್ಣಿಗೆ ಅರಿವೆ ಕಟ್ಟಿದ. ಆಗ ನೋಡಿದೆ. ಅಷ್ಟು ದೊಡ್ಡ ಗಂಗಿ, ಕೋಡು ಬಾಲದ ಸಮೇತ, ಅಂಗೈಯಗಲದ ಕಿಡಕಿಯಲ್ಲಿ ಹಿಡಿಸಿ ನಿಂತಿತ್ತು. ನನ್ನ ಮೈಯೆಲ್ಲ ಜುಮ್ಮೆಂದಿತು. ಈಗ ಹೇಳುವಾಗಲೂ ಆಗುತ್ತಿದೆ ನೋಡಿ.

"ಕಿಡಕ್ಯಾಗ ಎಷ್ಟ ಮನಿ, ಕಾಗದದಾಗೂ ಅಷ್ಟ ಮನಿ," ಎಂದ ಕಾಕಾ. "ಒಂದೊಂದ ಮನ್ಯಾಗ ಏನ ಕಾಣತೈತಿ ಅದನ್ನಷ್ಟ ತಗಿ. ಎಮ್ಮಿ ತಗ್ಯಾಕತ್ತೀನಿ ಅನ್ನೂದ ಮರತ ಬಿಡು."

ಹೇಳಿ ಅವನು ಕೆಲಸಕ್ಕೆ ಹೋದ. ಮಾರನೆಯ ದಿನ ಕೂತೆ. ಕಾಗದದ ಮೇಲೆ ಮನೆ ಹಾಕಬೇಕು ತಾನೇ? ನನಗೆ ಗೊತ್ತಿದ್ದ ಮನೆ ಎಂದರೆ ರಂಗೋಲಿಯದು. ದಿನಾ ಬೆಳಿಗ್ಗೆ ಅಂಗಳದಲ್ಲಿ ಇಡುತ್ತಿದ್ದದ್ದು ಸಂದು ಚುಕ್ಕಿ, ಅಂದರೆ ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಕೆಳಗಿನ ಸಾಲಿನ ಚುಕ್ಕಿ. ಕೈ ತಾನಾಗಿಯೇ ಹಾಗೆ ಇಟ್ಟಿತು, ಚುಕ್ಕಿಗೆ ಚುಕ್ಕಿ ಸೇರಿಸಿ ಗೆರೆ ಎಳೆಯಿತು. ಮನೆಗಳೆಲ್ಲ ಓರೆಯಾದವು. ನನಗೆ ಅದು ತಿಳಿಯಲೇ ಇಲ್ಲ. ಮಧ್ಯಾಹ್ನದ ತನಕ ಮನೆಯಿಂದ ಮನೆಗೆ ನಿಷ್ಠೆಯಿಂದ ತುಂಬಿಸಿದೆ. ಮುಗಿದ ಮೇಲೆ ನೋಡಿದರೆ ಗಂಗಿಯ ಕೋಡು ಬೆನ್ನಿಗೆ ಹೋಗಿತ್ತು, ಕಾಲುಗಳೆಲ್ಲ ಒಂದೇ ಕಡೆ ಜಾರಿದ್ದವು.

"ಇದ ಎಮ್ಮಿಯೋ, ಗಾಳಿಗಿ ವಾಲಿದ ಬಣಿವಿಯೋ?" ಎಂದಳು ಅವ್ವ.

ನಾನು ಅತ್ತುಬಿಟ್ಟೆ. ಆಯಿ ಬೈಯಲಿಲ್ಲ, ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ನಾಳಿ ಮುಂಜಾನಿ ಟೆಂಪೋ ಬರತೈತಿ" ಎಂದಷ್ಟೇ ಹೇಳಿ ಗಂಗಿಯ ಮೈ ತಿಕ್ಕಲು ಹೋದಳು. ಆ ಮಾತು ನನ್ನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸಂಜೆ ಬಂದ ಕಾಕಾ ನೋಡಿ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿಸಿ, ಬೇರೆ ಕಾಗದದ ಮೇಲೆ ಪಟ್ಟಿ ಹಿಡಿದು ನೆಟ್ಟಗೆ ನಲವತ್ತೆಂಟು ಮನೆ ನನ್ನ ಕೈಯಿಂದಲೇ ಹಾಕಿಸಿದ.

ಬೆಳಕು ಹರಿಯುತ್ತಲೇ ಶುರುಮಾಡಿದೆವು. ಮನೆಮಂದಿಯೆಲ್ಲ ಒಂದು ಎಮ್ಮೆಯನ್ನು ನಿಲ್ಲಿಸುವ ಕೆಲಸಕ್ಕೆ ಬಿದ್ದೆವು. ಕಾಕಾ ನೊಣ ಹೊಡೆಯುತ್ತಿದ್ದ, ಅವ್ವ ಹಸಿ ಸೋಗೆ ಹಿಡಿದಿದ್ದಳು. ಆದರೂ ಗಂಗಿ ತಲೆ ಅಲ್ಲಾಡಿಸುತ್ತಿತ್ತು. ಆಯಿ ಗಂಟಲ ಕೆಳಗೆ ಕೈ ಹಾಕಿ ತುರಿಸಿದಾಗಷ್ಟೇ ಕಲ್ಲಿನಂತೆ ನಿಂತಿತು. "ಅವ್ವಾ, ನೀ ಕಿಡಕಿ ಹೊರಗ ನಿಂದ್ರು, ಕೈ ಅಷ್ಟ ಚಾಚು," ಎಂದು ಕಾಕಾ ತನ್ನ ತಾಯಿಗೆ ಹೇಳಿದ. ಆಯಿ ಹಾಗೆಯೇ ನಿಂತಳು. ನಾನು ಬಾಲದ ಕಡೆಯಿಂದ ಮನೆ ತುಂಬಿಸುತ್ತ ಬಂದೆ. ಮನೆ ಬಿಟ್ಟು ಬೇರೇನೂ ನೋಡಲಿಲ್ಲ. ಒಂದರಲ್ಲಿ ಬರೀ ಕಪ್ಪು, ಒಂದರಲ್ಲಿ ಓರೆ ಗೆರೆ, ಒಂದರಲ್ಲಿ ಸೊನ್ನೆಯಂಥದ್ದು. ಹತ್ತು ಮನೆ ಉಳಿದಾಗ ಟೆಂಪೋ ಬಂದು ಹಾರನ್ನು ಹೊಡೆಯಿತು.

"ಏನ್ರಿ ಇದು, ಎಮ್ಮೀನ ಜೇಲಿಗಿ ಹಾಕೀರಿ?" ಎಂದ ಡ್ರೈವರ್.

"ಸುಮ್ಮ ಕುಂದರಪಾ," ಎಂದಳು ಆಯಿ, ಕೈ ತೆಗೆಯದೆ. "ನನ್ನ ಗಂಗಿ ಇನ್ನೂ ಪೂರಾ ಆಗಿಲ್ಲ."

ಕೊನೆಯ ಮನೆ ಮುಗಿದಾಗ ಬೆರಳು ಜೋಮು ಹಿಡಿದಿದ್ದವು. ಕಾಕಾ ಕಾಗದ ಎತ್ತಿ ದೂರ ಹಿಡಿದ. ಗಂಗಿಯೇ. ಕಣ್ಣಿನ ಹನಿಯವರೆಗೆ ಗಂಗಿಯೇ. ಆದರೆ ಕಾಕಾ ಗಂಗಿಯ ಮುಖದ ಪಕ್ಕ ಬೆರಳಿಟ್ಟ. ಅಲ್ಲಿ ಆಯಿ ಇದ್ದಳು. ತುರಿಸುತ್ತ ತುರಿಸುತ್ತ ಹೆಜ್ಜೆ ಹೆಜ್ಜೆಯಾಗಿ ಕಿಡಕಿಯೊಳಗೆ ಬಂದುಬಿಟ್ಟಿದ್ದಳು. ತಲೆಯ ಮೇಲಿನ ಸೆರಗು, ಒಳಗೆ ಹೋದ ಗಲ್ಲ, ಎಮ್ಮೆಯ ಕಡೆ ಬಾಗಿದ ಮೂಗು.

"ಗಂಗೀನ ತಗಿ ಅಂದ್ರ ನನ್ನ ಯಾಕ ಸೇರಿಸಿದಿ?" ಆಯಿಗೆ ಸಿಟ್ಟೇ ಬಂತು.

"ಮನ್ಯಾಗ ಕಂಡದ್ದ ತಗದೀನಿ ಆಯಿ."

"ಅತ್ತೀದೂ ಎಮ್ಮೀದೂ ಮೂಗ ಒಂದ ನಮೂನಿ ಐತಿ," ಎಂದಳು ಅವ್ವ, ತನ್ನ ಅತ್ತೆಯಾದ ಆಯಿಯನ್ನು ನೋಡಿ ನಗು ತಡೆಯಲಾರದೆ.

"ಆಕಿ ಹಾಲರ ಕೊಟ್ಟಾಳ. ನೀ ಏನ ಕೊಟ್ಟಿ?" ಎಂದಳು ಆಯಿ, ಅವಳ ಕಡೆ ತಿರುಗದೆಯೇ. ಎಲ್ಲರೂ ನಕ್ಕೆವು, ಡ್ರೈವರನೂ ನಕ್ಕ.

ಶಾಂತಾ ಅತ್ತೆ ಮಾತ್ರ ನಗಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಕಾಗದ ನೋಡುತ್ತ ನಿಂತಳು, ಕಣ್ಣು ಕೀಳಲಿಲ್ಲ. ಆಯಿ ಒಮ್ಮೆ ಮಗಳ ಮುಖ ನೋಡಿದಳು, ಒಮ್ಮೆ ಕಾಗದ ನೋಡಿದಳು. ಆಯಿ ಎಂದೂ ಫೋಟೋ ತೆಗೆಸಿಕೊಂಡವಳಲ್ಲ. ಕಾಗದವನ್ನು ಮೆಲ್ಲಗೆ ಸುರುಳಿ ಸುತ್ತಿ ಕೂಸಿನ ದುಪ್ಪಟಿಯ ಮಡಿಕೆಯೊಳಗೆ ಇಟ್ಟಳು.

"ಅದ ನಿನ್ನ ಸಲುವಾಗಿ ತಗದದ್ದ ಆಯಿ," ಎಂದು ನಾನು ಅಳುವ ದನಿಯಲ್ಲಿ ಕೂಗಿದೆ.

"ಗಂಗಿ ಹೆಂಗ ಅದಾಳ ಅಂತ ನನಗ ಕಾಗದ ಹೇಳಬೇಕೇನ?" ಎಂದಳು. "ಈ ಪೋರಿಗಿ ತೋರಸಾಕ ಬೇಕಾಗತೈತಿ, ನಿಮ್ಮಾಯಿ ಯಾರು ಅಂತ."

ಟೆಂಪೋ ಹೋಯಿತು. ಗಂಗಿ ಕೊನೆಯ ತಿರುವಿನ ತನಕ ಒದರಿತು. ಆಯಿ ಬರಿದಾದ ಗೋದಲಿಯನ್ನು ಕಸಬರಿಗೆ ಹಿಡಿದು ಎರಡು ಸಲ ಗುಡಿಸಿದಳು.

ನಾನು ಕೊಗನೊಳ್ಳಿಗೆ ಹೋದದ್ದು ಎಷ್ಟೋ ವರ್ಷದ ಮೇಲೆ, ಮದುವೆಯಾಗಿ, ನನ್ನದೇ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು. ಆ ಹೊತ್ತಿಗೆ ಆಯಿ ತೀರಿಹೋಗಿದ್ದಳು. ಗಂಗಿ ನಾಲ್ಕು ಕರು ಹಾಕಿ ಅಲ್ಲಿಯೇ ಮಣ್ಣಾಗಿತ್ತು. ಅಪ್ಪ ಕಾಕಾ ಬೇರೆಯಾಗಿ ನಮ್ಮ ಹಳೆಯ ಮನೆ ಬಿಚ್ಚಿದ್ದರು, ದನ ಕಟ್ಟುವಲ್ಲಿ ಕಬ್ಬು ನಿಂತಿತ್ತು. ಅತ್ತೆಯ ದೇವರ ಜಗಲಿಯ ಮೇಲೆ, ಕಟ್ಟು ಹಾಕದ ಆ ಕಾಗದವನ್ನು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದರು. ಮನೆಗಳ ಗೆರೆಗಳು ಇನ್ನೂ ಕಾಣುತ್ತಿದ್ದವು. ಅತ್ತೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಅದೇ ಬೆರಳಿನಿಂದ ಆಯಿಯ ಹಣೆಗೊಂದು, ಗಂಗಿಯ ಹಣೆಗೊಂದು ಕುಂಕುಮ ಹಚ್ಚುತ್ತಿದ್ದಳಂತೆ. ಹಚ್ಚಿ ಹಚ್ಚಿ ನಾನು ಬರೆದ ಹಣೆಗಳೆರಡೂ ಅಳಿಸಿಹೋಗಿದ್ದವು. ಆ ಎರಡು ಮನೆಗಳಲ್ಲಿ ಕಾಗದ ಸವೆದು, ನುಣ್ಣಗೆ, ಕೆಂಪಗೆ ಇತ್ತು.