ಮಗ್ಗದ ಕುಣಿಯಿಂದ ಬಂದ ದನಿ

ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರು ಶರಣಾದ ಸುದ್ದಿಯನ್ನು ನಾರಾಯಣಪೇಟೆಯ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ, ನಾನೇ ಮಾಡಿದ ಲೌಡ್‌ಸ್ಪೀಕರಿನಲ್ಲಿ ಕೇಳಿದೆವು ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಹಾಗಾಗಿರಲು ಸಾಧ್ಯವಿಲ್ಲ. ಆ ಮನೆಗೆ ರೇಡಿಯೊ ಬಂದದ್ದೇ ಮರುವರ್ಷ. ಊರು ಬಿಟ್ಟು ಹೋಗುತ್ತಿದ್ದ, ನಿಜಾಮರ ಕಚೇರಿಯ ಪೇಶ್ಕಾರರೊಬ್ಬರು ಮಾವನಿಗೆ ಅದನ್ನು ಮಾರಿ ಹೋಗಿದ್ದರು. ಶರಣಾಗತಿಯ ಸುದ್ದಿಯನ್ನು ನಾನು ಎಲ್ಲಿ ಕೇಳಿದೆನೋ ನೆನಪಿಲ್ಲ. ಲೌಡ್‌ಸ್ಪೀಕರಿನಲ್ಲಿ ಕೇಳಿದ್ದು ಬೇರೆ. ಅದರಲ್ಲಿಯೂ ಒಂದೆರಡು ಸಂಗತಿಗಳ ಮೇಲೆ ನನಗೆ ಅನುಮಾನವಿದೆ, ಬಂದಲ್ಲಿ ಹೇಳುತ್ತೇನೆ.

ಹೈದರಾಬಾದಿನಲ್ಲಿ ಭೌತಶಾಸ್ತ್ರ ಓದಿ ಮುಗಿಸಿದ್ದೆ. ಕೆಲಸ ಸಿಕ್ಕಿರಲಿಲ್ಲ. ಒಂದು ಕಡೆ ಕೂರಲಾರದ ಸ್ವಭಾವದವನಾದ್ದರಿಂದ ಅಪ್ಪ ನನ್ನನ್ನು ಅತ್ತೆಯ ಮನೆಗೆ ಅಟ್ಟಿದ್ದರು. ಮಾವ ಕೊಂಡ ರೇಡಿಯೊ ಮೂಕವಾಗಿತ್ತು. ಒಳಗಿನ ಬಲ್ಬುಗಳು ಕೆಂಪಗೆ ಉರಿಯುತ್ತಿದ್ದವು, ದನಿ ಮಾತ್ರ ಇಲ್ಲ. ಸ್ಪೀಕರಿನ ಕಾಗದವನ್ನು ಇಲಿ ತಿಂದಿತ್ತು.

"ಕಾಲೇಜು ಕಲತೀಯಲ್ಲಪ, ಇದರ ಬಾಯಿ ಬಿಡಸು," ಎಂದರು ಮಾವ.

"ಮೊದಲು ಇದನ್ನ ತಂದವರ ಬಾಯಿ ಮುಚ್ಚಸು ತಮ್ಮಾ," ಎಂದಳು ಅತ್ತೆ.

ಮಾವನ ಸೊಂಟ ಹಿಡಿದ ಮೇಲೆ ಮಗ್ಗಕ್ಕೆ ಕೂತು ಮನೆ ನಡೆಸಿದವಳು ಅತ್ತೆಯೇ. ಆಗ ನೂಲು ಸಿಗುತ್ತಿರಲಿಲ್ಲ. ಪಡಸಾಲೆಯ ಮಗ್ಗವನ್ನು ಬಿಚ್ಚಿ ಕಟ್ಟಿಗೆಗಳನ್ನು ತೊಲೆಗೆ ಕಟ್ಟಿ ತಿಂಗಳುಗಳಾಗಿದ್ದವು. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ನೆಲದಲ್ಲಿ ಬಾಯಿ ತೆರೆದುಕೊಂಡಿತ್ತು.

ಮಾವನದು ಹುಚ್ಚು ಎಂದು ನಗುತ್ತಿದ್ದ ಅತ್ತೆ ಒಂದೇ ಒಂದು ಮಾತಿಗೆ ಬದಲಾದಳು. ಸೀರೆ ಮಾರಿ ಹೈದರಾಬಾದಿನಿಂದ ಬಂದ ವ್ಯಾಪಾರಿಯೊಬ್ಬ ಹೇಳಿದ್ದ: ಅತ್ತೆಯ ಮಗಳು ಬರುವ ಅಮಾವಾಸ್ಯೆಯ ಮರುದಿನ ಸಂಜೆ ರೇಡಿಯೊದಲ್ಲಿ ಹಾಡುತ್ತಾಳಂತೆ. ಆ ಹುಡುಗಿ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಗದ್ವಾಲದವರ ಮನೆಗೆ ಸೊಸೆಯಾಗಿ, ಗಂಡನೊಂದಿಗೆ ಹೈದರಾಬಾದು ಸೇರಿದ್ದಳು. ರಜಾಕಾರರ ಗದ್ದಲ ಶುರುವಾದಾಗಿನಿಂದ ತಾಯಿ ಅವಳ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. "ಆರಾಮ ಅದಾಳ" ಎಂದು ಅಲ್ಲಿಂದ ಬಂದವರೆಲ್ಲ, ನಾನೂ ಸೇರಿ, ಹೇಳುತ್ತಿದ್ದೆವು. ಅತ್ತೆ ನಂಬುತ್ತಿರಲಿಲ್ಲ. "ಮಂದಿ ಹೇಳೂದು ಮಂದಿ ಮಾತು. ಆಕಿ ದನಿ ಕೇಳಿದ್ರ ನನಗ ಗೊತ್ತಾಕ್ಕೈತಿ" ಎನ್ನುತ್ತಿದ್ದಳು.

ಅಂದಿನಿಂದ ಲೌಡ್‌ಸ್ಪೀಕರ್ ಮಾವನ ಆಟಿಕೆಯಾಗಿ ಉಳಿಯಲಿಲ್ಲ.

ಸ್ಪೀಕರಿನ ಅಯಸ್ಕಾಂತ, ತಂತಿಯ ಸುರುಳಿ ಸರಿಯಾಗಿದ್ದವು. ದಪ್ಪ ಕಾಗದ ಕತ್ತರಿಸಿ ಹೊಸ ಬಟ್ಟಲು ಮಾಡಿದೆ. ಅದರ ಅಂಚಿಗೆ ಹಳೆಯ ಸೀರೆಯ ಪಟ್ಟಿ ಅಂಟಿಸಬೇಕು. ಆ ಪಟ್ಟಿ ಮೆತ್ತಗೆ ಅಲುಗಿದರೆ ಮಾತ್ರ ಬಟ್ಟಲು ಹಿಂದೆ ಮುಂದೆ ಆಡಿ ದನಿ ಹೊರಡುತ್ತದೆ. ಇದು ನನಗೆ ಗೊತ್ತಿತ್ತು. ಮನೆಯಲ್ಲಿ ಅಂಟು ಎಂದರೆ ಗಂಜಿ. ಬಟ್ಟಲು ಗಟ್ಟಿಯಾಗಲೆಂದು ಅತ್ತೆ ಮಗ್ಗದ ಹಾಸುನೂಲಿಗೆ ಹಚ್ಚುವ ಗಂಜಿಯನ್ನೇ ಬಳಿದೆ. ಗಂಜಿ ಹಚ್ಚುವಾಗ ಒಂದೆಳೆಯನ್ನೂ ಬಿಡಬಾರದೆನ್ನುವುದು ಆ ಮನೆಯ ಕೈಗಳಿಗೆ ರೂಢಿ. ಮಾವ ಕುಂಚ ಹಿಡಿದು ಸೀರೆಪಟ್ಟಿಗೂ ಧಾರಾಳವಾಗಿ ಬಳಿದರು. ನಾನೂ ತಡೆಯಲಿಲ್ಲ. ಒಣಗಿದ ಮೇಲೆ ಅದು ಹಪ್ಪಳದಂತಾಗಿತ್ತು.

ಪೆಟ್ಟಿಗೆಗೆ ಕಟ್ಟಿಗೆ ಇರಲಿಲ್ಲ. ಹಲಗೆಯೊಂದಕ್ಕೆ ದುಂಡನೆ ತೂತು ಕೊರೆದು ಸ್ಪೀಕರ್ ಕೂಡಿಸಿ, ಆ ಹಲಗೆಯನ್ನು ಮಗ್ಗದ ಕುಣಿಯ ಬಾಯಿಗೆ ಮುಚ್ಚಿದರೆ ಕುಣಿಯೇ ಪೆಟ್ಟಿಗೆ ಎಂದು ನನಗೆ ಹೊಳೆಯಿತು. ಕುಣಿ ಮುಚ್ಚುವುದು ಅತ್ತೆಗೆ ಸಣ್ಣ ಮಾತಲ್ಲ. ಆದರೂ ತಾನೇ ಒಳಗಿಳಿದು ಗುಡಿಸಿ ಬಂದಳು. ಹಲಗೆ ಸಾಲದೆ ಅವಳು ಕೂರುತ್ತಿದ್ದ ತುದಿಯಲ್ಲಿ ಒಂದು ಮೊಳ ಜಾಗ ಉಳಿಯಿತು. ಅದಕ್ಕೆ ಗೋಣಿತಟ್ಟು ತುರುಕಿದೆವು.

ಮಕ್ತಲದ ಗಿರಣಿಯಲ್ಲಿ ಚಾರ್ಜ್ ಮಾಡಿಸಿ ತಂದ ಮೋಟಾರ್ ಬ್ಯಾಟರಿ ಜೋಡಿಸಿದೆ. ಕುಣಿಯಿಂದ ಉರ್ದು ವಾರ್ತೆ ಎದ್ದು ಬಂತು. ಸದ್ದಿಗೆ ಮಾವ ಓಡಿ ಬಾಗಿಲು ಹಾಕಿದರು. ಹಿಂದಿನ ವರ್ಷ ಊರಲ್ಲಿ ರೇಡಿಯೊ ಇದ್ದವರೆಲ್ಲ ಕಂಬಳಿ ಹೊದ್ದು ಪಿಸುದನಿಯಲ್ಲಿ ಕೇಳುತ್ತಿದ್ದರು. ಅವರ ಮನೆಗಳಲ್ಲಿ ಕೇಳಿ ಬರುತ್ತಿದ್ದ ಮಾವನಿಗೂ ಅದೇ ರೂಢಿ.

"ಬಾಗಲ ತೆಗೀರಿ. ಈಗ ಯಾರ ಅಂಜಿಕಿ?" ಎಂದ ಅತ್ತೆ ಕಿವಿಗೊಟ್ಟಳು. ಮುಖ ಸಣ್ಣದಾಯಿತು. "ಇದೇನೋ ತಮ್ಮಾ, ಹೆಂಗಸು ಮಾತಾಡಿದ್ರ ತಗಡ ಬಡದಂಗ ಕೇಳತೈತಿ. ನನ್ನ ಮಗಳು ಹಾಡಿದ್ರೂ ಹಿಂಗ?"

ಪಟ್ಟಿ ಬಿಗಿಯಾಗಿದೆ, ಬಿಚ್ಚಿ ಹೊಸದು ಮಾಡಬೇಕು, ಬಿಚ್ಚಿದರೆ ಸುರುಳಿ ಹರಿದರೂ ಹರಿಯಬಹುದು ಎಂದೆ. ಎರಡನೆಯ ಸುರುಳಿ ಇಡೀ ನಾರಾಯಣಪೇಟೆಯಲ್ಲಿ ಸಿಗುವಂತಿರಲಿಲ್ಲ.

"ಹೊಸಾ ಸೀರಿ ಉಟ್ಟ ದಿನ ಹಿಂಗ ನಿಂತಿರತೈತಿ. ಉಟ್ಟು ಉಟ್ಟು ಮೈಗೆ ಕೂಡತೈತಿ. ಇದನ್ನೂ ಮಾತಾಡಸ್ರಿ," ಎಂದಳು ಅತ್ತೆ.

ಹೊಸ ಸ್ಪೀಕರ್ ಬಳಸಿದಷ್ಟೂ ಪಳಗುತ್ತದೆ ಎಂದು ಪುಸ್ತಕದಲ್ಲಿ ನಾನೂ ಓದಿದ್ದೆ. ಗಂಜಿ ಹಾಕಿದ ಸ್ಪೀಕರಿನ ಬಗ್ಗೆ ಅದರಲ್ಲಿ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಸಿಕ್ಕ ಊರಿನ ಸಿಕ್ಕ ಭಾಷೆ ಹಚ್ಚಿಬಿಟ್ಟೆವು. ಮಾವ ನರಳುತ್ತಲೇ ಬ್ಯಾಟರಿ ಹೊತ್ತು ಮಕ್ತಲಕ್ಕೆ ಹೋಗಿ ಬಂದರು. ಅರ್ಥವಾಗದ ಭಾಷಣಕ್ಕೂ ಅತ್ತೆ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದಳು: "ಇವತ್ತ ಜರಾ ಮೆತ್ತಗಾಗೈತಿ." ನಿಜಕ್ಕೂ ಮೆತ್ತಗಾಗುತ್ತಿತ್ತೋ, ನಮ್ಮ ಕಿವಿಯೇ ಒಗ್ಗುತ್ತಿತ್ತೋ ನಾನು ಹೇಳಲಾರೆ. ಅಳೆಯುವ ಸಾಧನ ನನ್ನಲ್ಲಿ ಇರಲಿಲ್ಲ. ಅವಳು ಕೇಳುತ್ತಿದ್ದ ರೀತಿ ಮಾತ್ರ ನನಗೆ ಬೆರಗು. ಸೀರೆಯ ಅಂಚನ್ನು ಬೆರಳಲ್ಲಿ ನೋಡುವಂತೆ ದನಿಯನ್ನು ನೋಡುತ್ತಿದ್ದಳು.

ಹಾಡಿನ ಹಿಂದಿನ ದಿನ ನೂಲು ಬಂತು. ಮಾವ ಹಿಗ್ಗಿ ಹೋದರು. "ಎತ್ತು ಹಲಗಿ! ನಾಳೆ ಮುಂಜಾನಿಗೇ ಮಗ್ಗ ಹೂಡೋಣು."

"ನಾಳೆ ಇಲ್ಲ. ನಾಡಿದ್ದ."

"ಇಷ್ಟ ತಿಂಗಳು ನೂಲಿಲ್ಲಂತ ಅತ್ತೀದಿ. ಈಗ ನೂಲು ಬಂದ್ರ ಹಾಡಂತಿ. ಬೇಕಾರ್ ಕುಂಡ್ರೂದು ರೂಢಿ ಆತೇನು ನಿನಗ?"

"ಹೂಂರಿ, ನಿಮ್ಮಿಂದ ಕಲ್ತೆ," ಎಂದಳು ಅತ್ತೆ. ಮಾವ ನಕ್ಕು ನೂಲಿನ ಗಂಟನ್ನು ಒಳಗಿಟ್ಟರು.

ಮರುದಿನ ಸಂಜೆ ಅತ್ತೆ ಗೋಣಿತಟ್ಟು ಕಿತ್ತು, ತನ್ನ ಜಾಗದಲ್ಲಿ ಕುಣಿಗೆ ಕಾಲಿಳಿಬಿಟ್ಟು ಕೂತಳು. ದನಿ ಸೋರಿಹೋಗುತ್ತದೆ ಎಂದೆ. ಸೋರಲಿ ಎಂದಳು. ಹಾಡು ಶುರುವಾಯಿತು. ಅದೊಂದು ತತ್ವಪದ, ಆ ಹುಡುಗಿ ಇದೇ ಮಗ್ಗದ ಪಕ್ಕ ಕಂಡಿಕೆಗೆ ನೂಲು ಸುತ್ತುತ್ತ ಕಲಿತದ್ದು. ತಾಯಿ ಮಗ್ಗದ ಹಲಗೆಯಿಂದ ಎಳೆ ಬಡಿಯುವ ಹೊತ್ತಿಗೆ ಹಾಡು ನಿಲ್ಲಿಸಿ ಉಸಿರೆಳೆದುಕೊಳ್ಳುವುದು ಅವಳ ಅಭ್ಯಾಸ. ಹೈದರಾಬಾದಿನಲ್ಲಿ, ಮಗ್ಗವೇ ಇಲ್ಲದ ಕೋಣೆಯಲ್ಲಿ, ಅದೇ ಜಾಗಗಳಲ್ಲಿ ನಿಲ್ಲಿಸಿ ಉಸಿರೆಳೆದುಕೊಂಡಳು.

"ಆಕೀನ," ಎಂದಳು ಅತ್ತೆ. "ಆರಾಮ ಅದಾಳ."

ಅವಳ ಕಾಲುಗಳು ಕುಣಿಯಲ್ಲಿ ಒಂದಾದ ಮೇಲೊಂದು ಮಗ್ಗದ ತುಳಿಹಲಗೆ ಒತ್ತುತ್ತಿದ್ದುದನ್ನು ಕಂಡ ನೆನಪು. ತುಳಿಹಲಗೆಗಳು ಆಗ ತೊಲೆಯ ಮೇಲಿದ್ದವು. ಹಾಗಾದರೆ ನಾನು ಕಂಡದ್ದೇನು? ಕಾಲು ಆಡಿದ್ದಂತೂ ನಿಜ ಎಂದುಕೊಂಡಿದ್ದೇನೆ.

ಹಾಡು ಮುಗಿದದ್ದೇ ಅತ್ತೆ ಎದ್ದು ಹಲಗೆ ಎತ್ತಿಸಿದಳು. ಸ್ಪೀಕರ್ ಗೋಡೆಯ ಗೂಡು ಸೇರಿತು.

ಮುಂದಿನ ದೀಪಾವಳಿಗೆ ಮಗಳು ಬಂದಳು. ತಾಯಿ ಮಗ್ಗದಲ್ಲಿದ್ದಳು. ಮಗಳು ಚೀಲ ಇಳಿಸುವ ಮೊದಲೇ ಕೇಳಿದಳು: "ಯವ್ವಾ, ಕೇಳಿದಿ? ಹೆಂಗ ಹಾಡಿದೆ?"

ಅತ್ತೆ ಲಾಳಿ ನಿಲ್ಲಿಸಲಿಲ್ಲ. "ಛಲೋ ಹಾಡಿದಿ. ನಡುವ ಎರಡು ಎಳಿ ತಪ್ಪಿತು."

"ಎಲ್ಲಿ ತಪ್ಪಿತು? ಒಂದೂ ತಪ್ಪಿಲ್ಲ! ನಿನ್ನ ಡಬ್ಬಾ ರೇಡಿಯೋ ತಪ್ಪಿರಬೇಕು."

"ಡಬ್ಬಾ ಅನಬ್ಯಾಡ. ದಿನಗಟ್ಟಲೆ ಮೆತ್ತಗ ಮಾಡೀವಿ ಅದನ್ನ."

ಮಗಳು ನನ್ನ ಕಡೆ ತಿರುಗಿದಳು. "ನೀ ಇದ್ದಿಯಲ್ಲೋ, ನೀ ಹೇಳು. ತಪ್ಪಿತೇನು?"

ಲಾಳಿಯೂ ನಿಂತಿತು. ಇಬ್ಬರೂ ನನ್ನನ್ನೇ ನೋಡಿದರು. ನನಗೆ ಗೊತ್ತಿರಲಿಲ್ಲ. ಅಂದು ಅತ್ತೆ ಮಗಳ ದನಿ ಕೇಳುತ್ತಿದ್ದಳು. ನಾನು ಸೀರೆಪಟ್ಟಿ ಅಲುಗುವುದನ್ನು ಕೇಳುತ್ತಿದ್ದೆ.